ಮಾತ್ರೆ ಯಾಕೆ ಬಿಟ್ಟಿರಿ?



ವರ್ಷಕ್ಕೆ ಎಷ್ಟು ಗಂಟೆ? ಸುಮಾರು 9,000. ಸಕ್ಕರೆ ಕಾಯಿಲೆ ಇರುವವರೊಬ್ಬರು ವರ್ಷಕ್ಕೆ ನಾಲ್ಕು ಸಲ ವೈದ್ಯರನ್ನು ಕಾಣುತ್ತಾರೆ ಎಂದಿಟ್ಟುಕೊಳ್ಳಿ. ಒಂದೊಂದು ಸಲಕ್ಕೆ 10 ನಿಮಿಷ ಸಿಕ್ಕರೆ ಅದೇ ಹೆಚ್ಚು. ಎಲ್ಲ ಕೂಡಿದರೆ 40 ನಿಮಿಷ. ಮಿಕ್ಕ ಅಷ್ಟೂ ಹೊತ್ತು ಆ ಕಾಯಿಲೆಯನ್ನು ನೋಡಿಕೊಳ್ಳುವವರು ಯಾರು? ಅವರೇ. ಅಡುಗೆಮನೆಯಲ್ಲಿ, ಹೊಲದಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ, ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ, ಅವರೇ.

ಜ್ವರ ನಾಲ್ಕು ದಿನ ಇದ್ದು ಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ, ಸ್ಕಿಜೋಫ್ರೇನಿಯಾ ಬಂದರೆ ಹೋಗುವ ಅವಸರವಿಲ್ಲ. ಖಿನ್ನತೆಯೂ ಎಷ್ಟೋ ಜನರಲ್ಲಿ ಹೋದಂತೆ ಮಾಡಿ ಮತ್ತೆ ಬರುತ್ತದೆ. ಇವುಗಳ ಜೊತೆ ಬದುಕಬೇಕು. ಹಾಗೆ ಬದುಕುವವರಿಗೆ ಸಿಗಬೇಕಾದ ಆರೈಕೆ ಎಂಥದು? ಕೈಯಲ್ಲಿರುವ ಫೋನು, ಆಸ್ಪತ್ರೆಯ ಕಂಪ್ಯೂಟರು ಅದಕ್ಕೆ ಹೇಗೆ ಒದಗಿ ಬರುತ್ತವೆ? ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು ಇದು.

ಮಂಡ್ಯ ಕಡೆಯ ಒಂದು ಹಳ್ಳಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿ ಐವತ್ತೈದರ ವಯಸ್ಸಿನ ಒಬ್ಬ ತಾಯಿ. ಇವರು ನಾನು ಕಲ್ಪಿಸಿಕೊಂಡವರು. ಆದರೆ ಯಾವ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದರೂ ಇಂಥವರು ಇದ್ದೇ ಇರುತ್ತಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಗಂಡ ತೀರಿಕೊಂಡ ಮೇಲೆ ಮನಸ್ಸು ಕುಗ್ಗಿತು. ಆಸ್ಪತ್ರೆಗೆ ಹೋದಾಗ ಮನಸ್ಸಿನ ಮಾತು ಎತ್ತಲಿಲ್ಲ. ಮೈಕೈ ನೋವು ಅಂದರು. ಸುಸ್ತು ಅಂದರು. ಎದೆ ಢವಢವ ಅನ್ನುತ್ತೆ, ಊಟ ಸೇರಲ್ಲ ಅಂದರು. ವೈದ್ಯರು ಒಳ್ಳೆಯವರು. ಇದು ಖಿನ್ನತೆ ಎಂದು ಗುರುತಿಸಿದರು. ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಒಂದು ಮಾತ್ರೆ ಬರೆದುಕೊಟ್ಟರು.

ಮುಂದಿನ ತಿಂಗಳು ಮತ್ತೆ ಹೋದರು.

"ಮಾತ್ರೆ ಸರಿಯಾಗಿ ತಗೋತಾ ಇದ್ದೀರೇನಮ್ಮ?"

"ಹ್ಞೂ ಸಾ."

ಅದೇ ಮಾತ್ರೆ ಚೀಟಿಯಲ್ಲಿ ಮುಂದುವರಿಯಿತು. ನಿಜ ಏನೆಂದರೆ, ನಾಲ್ಕನೆಯ ದಿನಕ್ಕೇ ಆಕೆ ಅದನ್ನು ಬಿಟ್ಟಿದ್ದರು. ಆ ಮಾತ್ರೆಯ ಮಂಪರು ಬೆಳಗಿನವರೆಗೂ ಇಳಿಯುತ್ತಿರಲಿಲ್ಲ. ಆಕೆಗೆ ಐದು ಗಂಟೆಗೆ ಏಳಬೇಕು. ಎರಡು ಹಸು ಕರೆಯಬೇಕು. ಹಾಲು ತೆಗೆದುಕೊಂಡು ಡೈರಿಗೆ ಹೋಗಬೇಕು. ಒಂದು ದಿನ ಏಳುವುದು ತಡವಾಯಿತು. ಡೈರಿ ಬಾಗಿಲು ಹಾಕಿತ್ತು. ಹಾಲಿನ ದುಡ್ಡೇ ಆ ಮನೆಯ ದುಡ್ಡು. ಅಂದಿಗೆ ಮಾತ್ರೆ ನಿಂತಿತು.

ಇಂಥವರನ್ನು ಹೇಳಿದ ಮಾತು ಕೇಳದ ರೋಗಿ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನಾನು ಆ ಮಾತನ್ನು ಒಪ್ಪುವುದಿಲ್ಲ. ಆಕೆ ಮರೆತು ಬಿಟ್ಟದ್ದಲ್ಲ, ಲೆಕ್ಕ ಹಾಕಿಯೇ ಬಿಟ್ಟದ್ದು. ಆ ಲೆಕ್ಕ ವೈದ್ಯರ ಕಿವಿಗೆ ಬೀಳಲಿಲ್ಲ, ಅಷ್ಟೆ. ಬಿದ್ದಿದ್ದರೆ, ಮಲಗುವಾಗಿನ ಮಾತ್ರೆಯನ್ನು ಸಂಜೆ ಬೇಗ ತೆಗೆದುಕೊಳ್ಳಿ ಎನ್ನಬಹುದಿತ್ತು. ಪ್ರಮಾಣ ತಗ್ಗಿಸಬಹುದಿತ್ತು. ಮಂಪರು ಕಡಿಮೆ ಇರುವ ಬೇರೆ ಔಷಧಿ ಕೊಡಬಹುದಿತ್ತು. ದಯವಿಟ್ಟು ನೆನಪಿಡಿ, ಈ ಬದಲಾವಣೆಗಳನ್ನು ವೈದ್ಯರೇ ಮಾಡಬೇಕು. ನಾವೇ ಮಾಡಿಕೊಳ್ಳಬಾರದು. ಆದರೆ ಅವರು ಮಾಡಬೇಕಾದರೆ, ಹಸುವಿನ ವಿಷಯ ಅವರಿಗೆ ಗೊತ್ತಿರಬೇಕು.

ಈಗ ಆ ತಾಯಿಯ ಕೈಗೆ ಒಂದು ಫೋನು ಕೊಡೋಣ. ಅದರಲ್ಲಿ ಆಸ್ಪತ್ರೆಯ ಒಂದು ಆಪ್ ಹಾಕೋಣ. ಪ್ರತಿ ರಾತ್ರಿ ಅದು ಟಣ್ ಎನ್ನುತ್ತದೆ. "ಮಾತ್ರೆ ತೆಗೆದುಕೊಳ್ಳುವ ಸಮಯ" ಎನ್ನುತ್ತದೆ. ಏನು ಪ್ರಯೋಜನವಾಯಿತು? ಆಕೆಗೆ ಮಾತ್ರೆ ನೆನಪಿದೆ. ಮರುದಿನದ ಹಾಲೂ ನೆನಪಿದೆ. ಯಾಕೆ ಬಿಟ್ಟಿರಿ ಎಂದು ಕೇಳದ ಯಂತ್ರ ಎಷ್ಟು ಸಲ ಟಣ್ ಎಂದರೂ ಆಕೆಗೆ ಅದು ಇನ್ನೊಂದು ಕಿರಿಕಿರಿ. ಆರೋಗ್ಯದ ಆಪ್‌ಗಳಲ್ಲಿ ಬಹಳಷ್ಟು ಇಲ್ಲೇ ನಿಂತುಬಿಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ದೀರ್ಘಕಾಲದ ಕಾಯಿಲೆಯನ್ನು ನಡೆಸಿಕೊಂಡು ಹೋಗುವವರು ರೋಗಿಗಳೇ. ಮಾತ್ರೆ ಬಿಡುವುದರ ಹಿಂದೆ ಅವರ ದಿನಚರಿಯ ಒಂದು ಕಾರಣ ಇರುತ್ತದೆ. ಆ ಕಾರಣ ತಿಳಿಯದೆ ಚಿಕಿತ್ಸೆ ಮುಂದೆ ಸಾಗದು.

ಈ ತಾಯಿಯ ಇನ್ನೊಂದು ಸಂಗತಿಯನ್ನು ಗಮನಿಸಿದಿರಾ? ಅವರಿಗೆ ಎರಡು ಕಾಯಿಲೆ ಇತ್ತು. ಒಂದು ಮೈಯದು, ಒಂದು ಮನಸ್ಸಿನದು. ಇದು ಅಪರೂಪವಲ್ಲ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೇಳಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು, ಸರಿಸುಮಾರು ಎರಡರಷ್ಟು. ಮನಸ್ಸು ಕುಗ್ಗಿದಾಗ ನಡಿಗೆ ನಿಲ್ಲುತ್ತದೆ, ಪಥ್ಯ ತಪ್ಪುತ್ತದೆ, ಇನ್ಸುಲಿನ್ ಚುಚ್ಚಿಕೊಳ್ಳಲು ಬೇಸರವಾಗುತ್ತದೆ. ಸಕ್ಕರೆ ಏರುತ್ತದೆ. ಏರಿದ್ದನ್ನು ಕಂಡು ಮನಸ್ಸು ಇನ್ನಷ್ಟು ಕುಗ್ಗುತ್ತದೆ.

ಅತ್ತ ಕಡೆಯಿಂದಲೂ ಹೀಗೇ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು, ಓಲಾಂಜಪಿನ್, ಕ್ಲೋಜಪಿನ್‌ನಂಥವು, ತೂಕ ಹೆಚ್ಚಿಸುತ್ತವೆ. ರಕ್ತದ ಸಕ್ಕರೆಯನ್ನೂ ಏರಿಸಬಲ್ಲವು. ಅವು ಬೇಕಾದ ಔಷಧಿಗಳೇ, ಎಷ್ಟೋ ಜನರನ್ನು ಬದುಕಿಗೆ ಮರಳಿಸಿವೆ. ಆದರೆ ತೆಗೆದುಕೊಳ್ಳುವವರ ತೂಕ, ಸೊಂಟದ ಸುತ್ತಳತೆ, ಸಕ್ಕರೆ ನೋಡುತ್ತಿರಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಆ ಸಾವುಗಳಲ್ಲಿ ಬಹುಪಾಲು ಹೃದಯದ ಕಾಯಿಲೆಯಂಥ ಮೈಯ ಕಾಯಿಲೆಗಳಿಂದ. ನನಗೆ ಬಹಳ ನೋವು ಕೊಡುವ ಸಂಗತಿ ಇದು. ಮನಸ್ಸಿನ ವೈದ್ಯರು ಬಿಪಿ ನೋಡಲಿಲ್ಲ. ಬಿಪಿ ನೋಡುವವರು, ಇವರಿಗೆ ತಲೆ ಸರಿಯಿಲ್ಲ ಎಂದು ಎದೆನೋವಿನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನುಷ್ಯ ಒಬ್ಬ, ಫೈಲು ಎರಡು. ಎರಡು ಫೈಲುಗಳ ನಡುವೆ ಜೀವ ಹೋಯಿತು.

ಹಾಗಾದರೆ ಎರಡನ್ನೂ ಒಟ್ಟಿಗೆ ನೋಡಿದರೆ ಏನಾಗುತ್ತದೆ? ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ, ನಮ್ಮಲ್ಲೇ. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣ, ಈ ನಾಲ್ಕು ಊರುಗಳ ಸಕ್ಕರೆ ಕಾಯಿಲೆಯ ಕ್ಲಿನಿಕ್‌ಗಳಲ್ಲಿ ನಡೆದ ಅಧ್ಯಯನ ಅದು. ಹೆಸರು ಇಂಡಿಪೆಂಡೆಂಟ್. ಫಲಿತಾಂಶ 2020ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಂದಿನ ಮಾತಿನ ತಿರುಳು ಇಲ್ಲಿದೆ.

ಸುಮಾರು 400 ಜನ. ಎಲ್ಲರಿಗೂ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಜೊತೆಗೆ ಖಿನ್ನತೆಯ ಲಕ್ಷಣ. ಅರ್ಧ ಜನರಿಗೆ ಎಂದಿನ ಚಿಕಿತ್ಸೆ ಮುಂದುವರಿಯಿತು. ಇನ್ನರ್ಧ ಜನರಿಗೆ ಅದರ ಮೇಲೆ ಒಂದು ವರ್ಷ ಮೂರು ಸಹಾಯ ಸಿಕ್ಕಿತು.

ಮೊದಲನೆಯದು, ಅವರವರಿಗೆಂದು ಗೊತ್ತಾದ ಒಬ್ಬರು ಆರೈಕೆಯ ಸಹಾಯಕರು. ಇವರು ವೈದ್ಯರಲ್ಲ, ತರಬೇತಿ ಪಡೆದ ಕ್ಲಿನಿಕ್ಕಿನ ಸಿಬ್ಬಂದಿ. ಭೇಟಿಯಾಗುತ್ತಿದ್ದರು, ಫೋನಿನಲ್ಲೂ ವಿಚಾರಿಸುತ್ತಿದ್ದರು. ಏನು ಕಷ್ಟವಾಗುತ್ತಿದೆ, ಯಾವುದು ನಿಮ್ಮಿಂದ ಆಗುತ್ತದೆ, ಎಲ್ಲಿಂದ ಶುರುಮಾಡೋಣ ಎಂದು ಜೊತೆಯಲ್ಲಿ ಕೂತು ಗುರಿ ಗೊತ್ತುಮಾಡುವ ಕೆಲಸ. ಎರಡನೆಯದು ಕಂಪ್ಯೂಟರು. ಒಬ್ಬರ ಸಕ್ಕರೆ, ರಕ್ತದೊತ್ತಡ, ಕೊಬ್ಬು, ಮನಸ್ಸಿನ ಸ್ಥಿತಿ, ಎಲ್ಲವೂ ಒಂದೇ ಕಡೆ ದಾಖಲಾಗುತ್ತಿತ್ತು. ಯಾವುದು ಹದ ತಪ್ಪಿದೆ, ಏನು ಮಾಡಬಹುದು ಎಂದು ಅದು ವೈದ್ಯರಿಗೆ ಸೂಚನೆ ಕೊಡುತ್ತಿತ್ತು. ಮೂರನೆಯದು, ಆಗಾಗ ಮನೋವೈದ್ಯರೂ ಸಕ್ಕರೆ ಕಾಯಿಲೆಯ ತಜ್ಞರೂ ಆ ಸಹಾಯಕರ ಜೊತೆ ಕೂತು, ಯಾರು ಸುಧಾರಿಸಿಲ್ಲ ಎಂದು ಒಬ್ಬೊಬ್ಬರ ವಿಷಯ ಚರ್ಚಿಸುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ನೋಡಿದರು. ಖಿನ್ನತೆ ಅರ್ಧಕ್ಕೆ ಇಳಿದಿರಬೇಕು, ಜೊತೆಗೆ ಸಕ್ಕರೆ, ಒತ್ತಡ, ಕೊಬ್ಬು ಇವುಗಳಲ್ಲಿ ಒಂದಾದರೂ ಸುಧಾರಿಸಿರಬೇಕು. ಅಳತೆಗೋಲು ಅದು. ಎಂದಿನ ಚಿಕಿತ್ಸೆ ಪಡೆದವರಿಗಿಂತ ಸಹಾಯ ಸಿಕ್ಕವರಲ್ಲಿ ಹೆಚ್ಚು ಜನ ಅಲ್ಲಿಗೆ ಮುಟ್ಟಿದ್ದರು. ಎಲ್ಲರೂ ಗುಣವಾಗಲಿಲ್ಲ, ನಿಜ. ಆದರೂ ಸಹಾಯ ನಿಂತು ಒಂದು ವರ್ಷವಾದ ಮೇಲೂ ವ್ಯತ್ಯಾಸ ಉಳಿದಿತ್ತು ಎಂಬುದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಈ ಏರ್ಪಾಟಿನಲ್ಲಿ ಕಂಪ್ಯೂಟರಿಗೆ ಕೊಟ್ಟ ಜಾಗವನ್ನು ನೋಡಿ. ಲೆಕ್ಕ ಇಡುವುದು, ವೈದ್ಯರನ್ನು ಎಚ್ಚರಿಸುವುದು ಅದರ ಪಾಲು. ರೋಗಿಯ ಜೊತೆ ಮಾತಾಡಲು ಮನುಷ್ಯರಿದ್ದರು.

ರಕ್ತದೊತ್ತಡದ ವಿಷಯದಲ್ಲೂ ಇಂಥದೇ ಒಂದು ಉದಾಹರಣೆ ಇದೆ. ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. ಅದರಲ್ಲಿ ನರ್ಸುಗಳು ಬಳಸುವ ಒಂದು ಆಪ್ ಇದೆ, ಹೆಸರೂ ಸಿಂಪಲ್. ಬಿಪಿ ಎಷ್ಟು, ಯಾವ ಮಾತ್ರೆ, ಮುಂದೆ ಯಾವಾಗ ಬರಬೇಕು, ಇಷ್ಟನ್ನೇ ಬೇಗ ಬರೆದುಕೊಳ್ಳುತ್ತದೆ. ಬರೆಯುವುದು ಕಡಿಮೆಯಾದಷ್ಟೂ ನರ್ಸಿನ ಕಣ್ಣು ಎದುರಿಗಿರುವವರ ಮೇಲೆ ಇರುತ್ತದೆ. ಬರಬೇಕಾಗಿದ್ದ ದಿನ ಬಾರದವರ ಪಟ್ಟಿಯನ್ನು ಅದು ತೋರಿಸುತ್ತದೆ. ನರ್ಸು ಆ ಪಟ್ಟಿ ನೋಡಿ ಫೋನು ಮಾಡಬಹುದು. "ಯಾಕಮ್ಮ ಬರಲಿಲ್ಲ?" ಬಸ್ಸು ಸಿಗಲಿಲ್ಲ. ಮಗಳ ಬಾಣಂತನ. ಕೂಲಿ ತಪ್ಪುತ್ತೆ. ಬಿಪಿ ಇಳಿದಿದೆ ಅನ್ನಿಸಿತು, ಬಿಟ್ಟೆ. ಕಾರಣ ಹೊರಗೆ ಬರುವುದು ಹೀಗೆ.

ಕೇಳುಗರೇ, ಎರಡು ಸಂಗತಿ ಆಯಿತು. ಮೈ ಮನಸ್ಸು ಎರಡನ್ನೂ ಕೂಡಿಸಿಯೇ ನೋಡಬೇಕು. ಯಂತ್ರ ಲೆಕ್ಕ ಹಿಡಿಯಲಿ, ಕಾರಣವನ್ನು ಮನುಷ್ಯರು ಕೇಳಲಿ. ಇನ್ನು ದೂರದ ಮಾತು. ದೊಡ್ಡ ಊರಿನ ಕ್ಲಿನಿಕ್ಕಿನಲ್ಲಿ ಆದದ್ದು ಹಳ್ಳಿಗೆ ಹೇಗೆ ಮುಟ್ಟಬೇಕು?

2016ರಲ್ಲಿ ಹೊರಬಂದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೊಡ್ಡವರಲ್ಲಿ ಹತ್ತಕ್ಕೆ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಕಾಯಿಲೆಗೆ ತಕ್ಕಂತೆ, ತೊಂದರೆ ಇರುವ 100 ಜನರಲ್ಲಿ 70ರಿಂದ 90 ಜನ ಚಿಕಿತ್ಸೆಯ ಹೊರಗೇ ಇದ್ದಾರೆ. ಇದನ್ನು ಸರಿಮಾಡುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ಹಳೆಯ ಪಾಲಿದೆ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಊರಾಚೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಲಾಯಿತು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ನಮ್ಮ ರಾಜ್ಯ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಆರಂಭಿಸಿತು.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಪರದೆಯೂ ಸೇರಿದೆ. ಆರೋಗ್ಯ ಕೇಂದ್ರದ ವೈದ್ಯರು ತಮ್ಮ ಕೊಠಡಿಯಲ್ಲಿ ಕೂತಿರುತ್ತಾರೆ. ಮೇಜಿನ ಮೇಲಿನ ಪರದೆಯಲ್ಲಿ ನಿಮ್ಹಾನ್ಸಿನ ಮನೋವೈದ್ಯರು. ತಲೆನೋವು, ಹೊಟ್ಟೆಯುರಿ ಎಂದು ಬಂದ ಎಂದಿನ ರೋಗಿಗಳನ್ನೇ ಸ್ಥಳೀಯ ವೈದ್ಯರು ನೋಡುತ್ತಾರೆ. ನಿದ್ದೆ ಹೇಗಿದೆ ಕೇಳಿ, ಮೊದಲು ಇಷ್ಟಪಡುತ್ತಿದ್ದ ಕೆಲಸ ಈಗಲೂ ಹಿಡಿಸುತ್ತದೆಯೇ ಕೇಳಿ ಎಂದು ಅತ್ತ ಕಡೆಯವರು ಹೇಳಿಕೊಡುತ್ತಾರೆ. ಇದು ನನಗೆ ಬಹಳ ಹಿಡಿಸಿದ ಏರ್ಪಾಟು. ಪರದೆ ಆರಿದ ಮೇಲೂ ಕಲಿತ ಪ್ರಶ್ನೆ ಆ ಊರಿನ ವೈದ್ಯರ ಬಾಯಲ್ಲಿ ಉಳಿಯುತ್ತದೆ.

ಇನ್ನೊಂದು, ನೀವೆಲ್ಲ ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ. ಒಂದು, ನಾಲ್ಕು, ನಾಲ್ಕು, ಒಂದು, ಆರು. 14416. ಇದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಆರಂಭವಾಯಿತು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ತಾಂತ್ರಿಕ ಬೆಂಬಲ ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಹಗಲೂ ರಾತ್ರಿಯೂ ಇರುತ್ತದೆ. ದುಡ್ಡಿಲ್ಲ. ಕರೆ ಮಾಡಿದರೆ ಮೊದಲು ಭಾಷೆ ಆರಿಸಿಕೊಳ್ಳಲು ಹೇಳುತ್ತದೆ. ಕನ್ನಡ ಇದೆ. ಒಟ್ಟು 20 ಭಾಷೆಗಳಿವೆ. ಆಮೇಲೆ ತರಬೇತಿ ಪಡೆದ ಆಪ್ತ ಸಮಾಲೋಚಕರೊಬ್ಬರು ಮಾತಿಗೆ ಸಿಗುತ್ತಾರೆ. ಅವರಿಂದ ಬಗೆಹರಿಯದಿದ್ದರೆ ತಜ್ಞರಿಗೆ ಜೋಡಿಸುತ್ತಾರೆ. ಎದುರೆದುರೇ ನೋಡಬೇಕಾದರೆ ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಈವರೆಗೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿವೆ. ನಿದ್ದೆ ಇಲ್ಲ, ಬೇಸರ, ಒತ್ತಡ, ಗಾಬರಿ ಎಂದು ಹೇಳಿಕೊಂಡವರೇ ಅದರಲ್ಲಿ ಬಹಳ. ಪರೀಕ್ಷೆ ಬರೆಯುವ ಮಕ್ಕಳು, ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ಮನೆಯವರು, ಯಾರು ಬೇಕಾದರೂ ಮಾಡಬಹುದು.

ಓದು ಬಾರದವರಿಗೂ ದನಿ ತಲುಪುತ್ತದೆ. ಬಾನುಲಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಈ ಮಾತನ್ನು ಬಾನುಲಿಯಲ್ಲಿ ಆಡುವಾಗ ಅವರ ನೆನಪಾಗುವುದು ಸಹಜ.

ಫೋನಿನಿಂದ ಆಗುವುದನ್ನು ಹೇಳಿದೆ. ಅದು ಎಲ್ಲಿ ಎಡವುತ್ತದೆ ಎಂಬುದನ್ನೂ ಹೇಳಬೇಕು.

ಫೋನು ಯಾರದು? ಎಷ್ಟೋ ಮನೆಗಳಲ್ಲಿ ಅದು ಎಲ್ಲರದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಫೋನು ಇದೆ ಎಂದ ಹೆಂಗಸರು 100ಕ್ಕೆ ಸುಮಾರು 54. ಮಿಕ್ಕವರಿಗೆ ಗಂಡನ ಫೋನು, ಮಗನ ಫೋನು. ಖಿನ್ನತೆಯ ಮಾತ್ರೆಯ ಬಗ್ಗೆ ಅದಕ್ಕೆ ಒಂದು ಸಂದೇಶ ಬಂತು ಎಂದುಕೊಳ್ಳಿ. ಮನೆಯವರೆಲ್ಲ ಓದುತ್ತಾರೆ. ಮದುವೆಗೆ ಬಂದ ಹುಡುಗಿ ಇದ್ದರೆ, ಆ ಒಂದು ಸಾಲು ಎಷ್ಟು ಬಾಯಿಗಳಿಗೆ ಹೋಗುತ್ತದೋ. ಆದ್ದರಿಂದ ಕರೆ ಮಾಡುವ ಆರೋಗ್ಯ ಕಾರ್ಯಕರ್ತರು ಮೊದಲು ಕೇಳಬೇಕಾದದ್ದು, "ಈಗ ಮಾತಾಡೋಕೆ ಅನುಕೂಲ ಇದೆಯಾ? ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಸಂದೇಶದಲ್ಲಿ ಕಾಯಿಲೆಯ ಹೆಸರು ಬೇಡ. ತಮ್ಮ ಕಾಯಿಲೆಯ ಗುಟ್ಟು ಕಾಪಾಡಿಕೊಳ್ಳುವುದು ರೋಗಿಗಳ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳಿದೆ. ಆಪ್ ಮಾಡುವವರಿಗೆ, ಮಾಹಿತಿ ಕೂಡಿಹಾಕುವವರಿಗೆ ಈ ಹಕ್ಕು ಮೊದಲ ಪಾಠವಾಗಲಿ.

ಈಗ ಯಂತ್ರವೇ ಉತ್ತರ ಕೊಡುವ ಮಾತಿನ ಆಪ್‌ಗಳೂ ಬಂದಿವೆ. ನಡುರಾತ್ರಿ ಯಾರೂ ಇಲ್ಲದಾಗ ಅದರಲ್ಲಿ ನಾಲ್ಕು ಮಾತು ಬರೆದು ಹಗುರಾಗುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಸಾಯುವ ಯೋಚನೆ ಬರುತ್ತಿದ್ದರೆ ಯಂತ್ರದ ಮುಂದೆ ಕೂರಬೇಡಿ. ನಂಬಿಕೆಯಿರುವ ಒಬ್ಬರನ್ನು ಎಬ್ಬಿಸಿ. 14416ಕ್ಕೆ ಕರೆ ಮಾಡಿ. ನಿಮ್ಮ ಮನೆಯಲ್ಲಿ ಯಾರಾದರೂ ಅಂಥ ಮಾತಾಡಿದರೆ ಗದರಿಸಬೇಡಿ. ಪಕ್ಕದಲ್ಲಿ ಕೂರಿ, ಒಂಟಿಯಾಗಿ ಬಿಡಬೇಡಿ.

ಕಾರಣ ಕೇಳಬೇಕು, ಮೈ ಮನಸ್ಸನ್ನು ಕೂಡಿಸಿ ನೋಡಬೇಕು, ಫೋನು ಗುಟ್ಟು ಕಾಯಬೇಕು. ಇಷ್ಟು ಆಯಿತು. ಒಂದು ಮಾತು ಉಳಿದಿದೆ, ಅದು ಮನೆಯವರದು.

ನಮ್ಮ ದೇಶದಲ್ಲಿ ಕಾಯಿಲೆ ಒಬ್ಬರಿಗೆ ಬಂದರೂ ಆಸ್ಪತ್ರೆಗೆ ಮೂವರು ಹೋಗುತ್ತಾರೆ. ಇದು ನಮ್ಮ ಬಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆ ಏನೆಂದು ಎಲ್ಲರಿಗೂ ತಿಳಿಸಿಹೇಳಿದರು. ರೋಗಿಗಳು ಬೇಗ ಮನೆಗೆ ಮರಳುವಂತಾಯಿತು.

ಅದೇ ಬಲ ಕೆಲವೊಮ್ಮೆ ರೋಗಿಯ ಬಾಯಿ ಮುಚ್ಚಿಸುತ್ತದೆ. ವೈದ್ಯರು ಹೇಗಿದ್ದೀಯಪ್ಪ ಎಂದು ಹುಡುಗನನ್ನು ಕೇಳುತ್ತಾರೆ. "ಇವನು ಸರಿಯಾಗಿ ಊಟಾನೇ ಮಾಡಲ್ಲ ಡಾಕ್ಟ್ರೇ," ಎಂದು ತಾಯಿ ಉತ್ತರಿಸುತ್ತಾರೆ. "ರಾತ್ರಿಯೆಲ್ಲ ಫೋನು," ಎಂದು ತಂದೆ ಸೇರಿಸುತ್ತಾರೆ. ಹುಡುಗ ತಲೆ ತಗ್ಗಿಸಿ ಕೂತಿರುತ್ತಾನೆ. ಅವರು ಪ್ರೀತಿಯಿಂದಲೇ ಮಾತಾಡಿದ್ದಾರೆ. ಆದರೂ ಎರಡು ನಿಮಿಷ ಸುಮ್ಮನಿದ್ದು, ಅವನು ಬಾಯಿ ತೆರೆಯಲು ಬಿಡಬೇಕು. ಎರಡು ನಿಮಿಷ ಅವನೊಬ್ಬನನ್ನೇ ವೈದ್ಯರ ಜೊತೆ ಬಿಟ್ಟರೆ ಇನ್ನೂ ಒಳ್ಳೆಯದು.

ಇದಕ್ಕೆ ಕಾನೂನಿನ ಆಸರೆಯೂ ಇದೆ. ನಾನು ಆಗಲೇ ಹೇಳಿದ 2017ರ ಕಾಯ್ದೆಯ ಪ್ರಕಾರ, ವಯಸ್ಸಿಗೆ ಬಂದ ಯಾರೇ ಆಗಲಿ, ಮುಂದೆ ಮಾನಸಿಕ ಕಾಯಿಲೆ ಹೆಚ್ಚಾಗಿ ತಾವು ನಿರ್ಧರಿಸಲಾಗದ ಸ್ಥಿತಿ ಬಂದರೆ ತಮಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡಬಹುದು. ತಮ್ಮ ಪರವಾಗಿ ಮಾತಾಡುವವರು ಯಾರು ಎಂದು ಒಬ್ಬರನ್ನು ಹೆಸರಿಸಬಹುದು. ಹೆಂಡತಿ ಇರಬಹುದು, ಅಣ್ಣ ಇರಬಹುದು, ಗೆಳೆಯ ಇರಬಹುದು. ಹೀಗೆ ಹೆಸರಿಸಲು ಛಾಪಾ ಕಾಗದ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು, ಹೆಬ್ಬೆಟ್ಟಾದರೂ ಆದೀತು. ಆಮೇಲೆ ಮನಸ್ಸು ಬದಲಾದರೆ ಆ ಹೆಸರನ್ನು ಬದಲಿಸಬಹುದು. ಚಿಕಿತ್ಸೆಯ ಬಗ್ಗೆ ಬರೆದಿಟ್ಟದ್ದು ತುರ್ತು ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಅದನ್ನು ಹೇಗೆ ಬರೆಯಬೇಕು, ಎಲ್ಲಿ ನೋಂದಾಯಿಸಬೇಕು ಎಂಬುದನ್ನು ನಿಮ್ಮನ್ನು ನೋಡುತ್ತಿರುವ ಮನೋವೈದ್ಯರನ್ನೋ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ಕೇಳಿ. ಮೈ ಮನಸ್ಸು ಎರಡೂ ಚೆನ್ನಾಗಿರುವ ದಿನವೇ ಕೇಳಿ. ಮನೆಯವರನ್ನು ಜೊತೆಗೆ ಕೂರಿಸಿಕೊಂಡು ಬರೆಯಿರಿ. ಯಾವ ಔಷಧಿ ನಿಮಗೆ ಒಗ್ಗಲಿಲ್ಲ, ಯಾರು ಬಂದು ಕೂತರೆ ನಿಮಗೆ ಧೈರ್ಯ ಬರುತ್ತದೆ, ಅದನ್ನೂ ಸೇರಿಸಿ ಬರೆಯಿರಿ.